ಲಿಲ್ಲಿಗೂ ಬೇಕಾಯಿತು ಸೌ.

ಬ್ಯಾಡಗಿ, ಏಪ್ರಿಲ್ ೧೯೯೩

ಪ್ರೀತಿಯ ಗೋದಕ್ಕಾ,

೧೯೮೭ರ ಯುಗಾದಿಯ ಮರುವಾರ ರಾಣೇಬೆನ್ನೂರಿನ ಮಹಿಳಾ ಮಂಡಳವೊಂದು ತನ್ನ ಪುಷ್ಪ ಪ್ರದರ್ಶನದಲ್ಲಿ ನೀನು ಬೆಳೆಸಿದ ಲಿಲ್ಲಿಗೆ ಮೊದಲ ಬಹುಮಾನ ಕೊಟ್ಟಿತು. ನಿನ್ನ ಹೆಸರನ್ನು ಮಾತ್ರ ಕಿತ್ತುಕೊಂಡಿತು. ಈ ಜನವರಿಯಲ್ಲಿ ನೀನೂ ಹೋದೆ. ನಾನು ಮರೆತಿಲ್ಲ.

ಎಣ್ಣೆಯ ಹಳೆಯ ಡಬ್ಬಿಗಳಿಗೆ ಮೊಳೆಯಿಂದ ತೂತು ಹಾಕಿ, ಹೊಳೆಯ ಮರಳು, ಹಳೆ ಗೊಬ್ಬರ ಬೆರೆಸಿ ನೀನು ಗಡ್ಡೆ ಊರುತ್ತಿದ್ದೆ. ಒಮ್ಮೆ ನಾನು ಗಡ್ಡೆಯನ್ನು ಪೂರ್ತಿ ಮುಚ್ಚಹೋದಾಗ, "ಏ ಅಣ್ಣಾಜಿ, ಅದಕ್ಕ ಗೋರಿ ಕಟ್ಟಾಕತ್ತೀಯೇನೋ? ಕುತ್ತಿಗಿ ಮ್ಯಾಲಿರ್ಲಿ, ಉಸಿರಾಡ್ಲಿ" ಎಂದು ಗದರಿದ್ದೆ. ದೀಪಾವಳಿ ಕಳೆದ ಮೇಲೆ ನೀರು ನಿಲ್ಲಿಸಿ, ಎಲೆ ಹಣ್ಣಾದಂತೆ ಡಬ್ಬಿಗಳನ್ನು ಗೋಡೆಯ ಬದಿಗೆ ಅಡ್ಡ ಮಲಗಿಸುತ್ತಿದ್ದೆ. ಪಕ್ಕದ ಮನೆಯ ಖತೀಜಾಬಿ, "ಏನ್ರೀ ಬಾಯಾರ, ನಿಮ್ಮ ಲಿಲ್ಲಿಗೆ ಜ್ವರ ಬಂದೈತೇನ್ರಿ?" ಎಂದು ಕೇಳಿದರೆ, "ಇಲ್ರೀ, ಅವಕ್ಕ ರಜಾ ಅದ" ಎನ್ನುತ್ತಿದ್ದೆ. ಬಿಸಿಲೇರಿ ಮತ್ತೆ ನೀರು ಕಂಡಾಗ ಎಲೆಗಿಂತ ಮೊದಲು ಮೊಗ್ಗಿನ ದಂಟೇ ಏಳುತ್ತಿತ್ತು.

ಭಾವ ತೀರಿಕೊಂಡಾಗ ಚಿಕ್ಕ ವಯಸ್ಸಿನಲ್ಲೇ ನಿನ್ನ ಮುಡಿಯಿಂದ ಹೂವು ತೆಗೆಸಿದ್ದರು. ಬೆಳೆಸುವುದನ್ನು ಬಿಡಿಸಲು ಯಾರಿಗೂ ಆಗಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಎಲೆಗಳ ಧೂಳು ಒರೆಸುತ್ತ ನೀನು ಅಂದದ್ದು ನನಗೆ ಇನ್ನೂ ಕೇಳಿಸುತ್ತದೆ: "ಸಾಲ್ಯಾಗ ಹಾಜರಿ ಕರದದ್ದ ಕಡೀಗೆ ನೋಡು. ಆಮ್ಯಾಲ ನಾಕು ಮಂದ್ಯಾಗ ನನ್ನ ಹೆಸರು ಯಾರೂ ಕರದಿಲ್ಲ. ಇವತ್ತ ಕರದರೂ ಕರದಾರು."

ಕರೆಯಲಿಲ್ಲ. ಆ ಮಂಡಳದ ಬಹುಮಾನವೆಂದರೆ ಉಡಿ ತುಂಬುವುದು: ರವಿಕೆಯ ಖಣ, ತೆಂಗಿನಕಾಯಿ, ಕುಂಕುಮ. ವಿಧವೆಗೆ ಉಡಿ ತುಂಬುವುದಿಲ್ಲ. ಕಾರ್ಯದರ್ಶಿ ಬಾಯಿ ಡಬ್ಬಿಗೆ ಅಂಟಿಸಿದ್ದ ನಿನ್ನ ಹೆಸರಿನ ಚೀಟಿ ನೋಡಿ, "ಹೆಸರಿನ ಮುಂದ ಸೌ. ಇಲ್ಲಲ್ರೀ! ಮನ್ಯಾಗ ಸೌಭಾಗ್ಯವತಿ ಯಾರದಾರ? ಹೂವು ನಿಮ್ಮದ ಇರ್ಲಿ, ಹೆಸರು ಅವರದಿರ್ಲಿ" ಎಂದು ನಗುತ್ತಲೇ ಹೇಳಿದರು. ಊಟದ ಎಲೆ ಬದಲಿಸುವಷ್ಟು ಸಲೀಸಾಗಿ ಚೀಟಿ ಬದಲಾಯಿತು. ಧ್ವನಿವರ್ಧಕದಲ್ಲಿ ನಿನ್ನ ವಾರಗಿತ್ತಿಯ ಹೆಸರು ಬಂತು: ಸೌ. ನಲಿನಿ. ನಾನು ಎದ್ದು ಕೂಗಾಡಿದೆ. ನೀನು ನನ್ನ ಅಂಗಿಯ ತೋಳು ಹಿಡಿದು ಕೂರಿಸಿದೆ.

ಮನೆಗೆ ಬಂದ ನಲಿನಿ ಉಡಿಯನ್ನು ನಿನ್ನ ಮುಂದಿಟ್ಟು, "ಅಕ್ಕಾ, ಇದು ನಿಮ್ಮದರೀ" ಎಂದು ಅತ್ತಳು. "ಹುಚ್ಚಿ, ಕಾಯಿ ಒಡಿ, ಚಟ್ನಿ ಮಾಡೋಣು. ಚಟ್ನಿಗೇನು ಸೌ. ಬೇಕಾಗಂಗಿಲ್ಲ" ಎಂದೆ ನೀನು. ಎಲ್ಲರೂ ನಕ್ಕೆವು. ಆ ಚಟ್ನಿಯನ್ನು ನೀನು ಮುಟ್ಟಲಿಲ್ಲ. ಮುಂದೆ ಯಾವ ಪ್ರದರ್ಶನಕ್ಕೂ ಡಬ್ಬಿ ಕಳಿಸಲಿಲ್ಲ. ಹಾವೇರಿಯಿಂದ ಬಂದು ಪ್ರದರ್ಶನಕ್ಕೆ ಕೇಳಿದವರನ್ನೂ ಬರಿಗೈಯಲ್ಲಿ ಕಳಿಸದೆ ಗಡ್ಡೆ ಕೊಟ್ಟೆ, ಹೂವು ಕೊಡಲಿಲ್ಲ.

ಈ ಯುಗಾದಿಗೆ ಅದೇ ಮಂಡಳ ತನ್ನ ಸಭಾಂಗಣದಲ್ಲಿ ಹಳೆಯ ಫೋಟೋಗಳನ್ನು ತೂಗುಹಾಕಿದೆ. ನಿನ್ನ ಲಿಲ್ಲಿ ಇದೆ. ಅದರ ಕೆಳಗೆ ಈಗಲೂ ಸೌ. ನಲಿನಿ. ತಿದ್ದಿರೆಂದು ಖುದ್ದು ನಲಿನಿಯೇ ಹೋಗಿ ಕೇಳಿದಳು. "ಸತ್ತವರ ಹೆಸರು ಈಗ್ಯಾಕವಾ? ಅವರಿಗೇನು ತಿಳೀತದ?" ಎಂದು ಉತ್ತರ ಬಂತು.

ನಿನಗೆ ತಿಳಿಯುವುದಿಲ್ಲವೇನೋ. ನಮಗೆ ತಿಳಿಯುತ್ತದೆ. ಅದಕ್ಕೇ ಅಕ್ಕಾ, ಈ ಪತ್ರವನ್ನು ಮುಚ್ಚದೆ, ಊರೆಲ್ಲ ಓದುವಂತೆ ಪತ್ರಿಕೆಗೆ ಕೊಡುತ್ತಿದ್ದೇನೆ.

ನೀನಿರುವಲ್ಲಿ ಹೂ ಮುಡಿಯಬೇಡವೆನ್ನುವವರು ಯಾರೂ ಇರದಿರಲಿ.

ನಿನ್ನ ತಮ್ಮ,
ಅಣ್ಣಾಜಿ

ಮಂಡಳದವರಿಗೆ: ಆ ಲಿಲ್ಲಿಯನ್ನು ಬೆಳೆಸಿದವರು ಯಾರು? ಅದೇ ವೇದಿಕೆಯ ಮೇಲೆ, ಅದೇ ಧ್ವನಿವರ್ಧಕದಲ್ಲಿ, ನಾಲ್ಕು ಜನರ ಮುಂದೆ ಹೇಳಿ.