ಆ ಸ್ತೋತ್ರ ಅವರಿಗಲ್ಲ

ಪ್ರೀತಿಯ ದೊಡ್ಡಮ್ಮ,

ಹೋದ ಮಂಗಳವಾರ ಮಧ್ಯಾಹ್ನ ಇಡೀ ವಾರ್ಡಿನ ಎದುರು ನಾನು ನಿನ್ನನ್ನು ಹೇಡಿ ಅಂದೆ. ಅದು ತಪ್ಪು. ಬಾಯಿಬಿಟ್ಟು ಹೇಳಬೇಕೆಂದು ಎರಡು ಸಲ ಬಂದೆ. ಎರಡು ಸಲವೂ ನೀನು "ಊಟ ಆಯ್ತಾ?" ಅಂದುಬಿಟ್ಟೆ, ನಾನು ಆಯ್ತು ಅಂದು ಹೊರಟುಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಹದಿನೇಳು ವರ್ಷ ಆ ಲಾಂಡ್ರಿಯಲ್ಲಿ ಒದ್ದೆ ಹಾಸುಬಟ್ಟೆಗಳನ್ನು ಬಿಸಿ ರೋಲರಿಗೆ ಕೊಟ್ಟ ನಿನ್ನ ಬಲಗೈಯನ್ನು ಅದೇ ರೋಲರ್ ಎಳೆದುಕೊಂಡಿತ್ತು. ಮೂರು ಬೆರಳು ಉಳಿಯಲಿಲ್ಲ. ಆ ಮಂಗಳವಾರ ನರ್ಸ್ ಬ್ಯಾಂಡೇಜ್ ಬಿಚ್ಚುವಾಗ ನೀನು ಹಲ್ಲು ಕಚ್ಚಿ, "ಸ್ತೋತ್ರ ಕರ್ತನೇ, ಸ್ತೋತ್ರ" ಅನ್ನುತ್ತಿದ್ದೆ. ನನ್ನ ಚೀಲದ ತುಂಬ ಕಾರ್ಮಿಕ ಸಂಘದ ಕರಪತ್ರಗಳು, ತಲೆಯ ತುಂಬ ಅವುಗಳ ಸಾಲುಗಳು. "ಕೈ ಹೋದ್ರೂ ಸ್ತೋತ್ರಾನಾ? ನಿನ್ನಂಥ ಹೇಡಿಗಳಿಂದಲೇ ಆ ಮಾಲೀಕ್ರು ಮೆರೀತಿರೋದು!" ಎಂದು ಕಿರುಚಿದೆ. ನೀನು ತಿರುಗಿ ಬೈಯಲಿಲ್ಲ. "ಕೂತ್ಕೊಳ್ಳೇ ಬೆಂಕಿಪೊಟ್ಟಣ, ನೀರು ಕುಡಿ. ಅಷ್ಟು ಕಿರುಚಿದ್ರೆ ಗಂಟ್ಲು ಒಣಗುತ್ತೆ" ಅಂದೆ.

ಆ ಹೊತ್ತಿಗೇ ನಿಮ್ಮ ಮ್ಯಾನೇಜರ್ ಬಂದರು. ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ಟೈಪು ಮಾಡಿದ ಹಾಳೆ. "ನೀವು ದೇವ್ರನ್ನ ನಂಬಿದವ್ರಮ್ಮ. ಎಲ್ಲಾ ಆತನ ಚಿತ್ತ, ಕೇಳೋಕೆ ನಾವ್ಯಾರು? ಇಲ್ಲೊಂದು ಎಡಗೈ ಹೆಬ್ಬೆಟ್ಟು ಒತ್ತಿಬಿಡಿ." ನೀನು ಕಣ್ಣು ಮುಚ್ಚಿ "ಸ್ತೋತ್ರ" ಅಂದೆ. ಅವರು ಅದನ್ನು ಒಪ್ಪಿಗೆ ಎಂದುಕೊಂಡು ಶಾಯಿಡಬ್ಬಿ ತೆರೆದರು. ನಾನೂ ಹಾಗೇ ಎಂದುಕೊಂಡೆ. ಒಬ್ಬ ಮ್ಯಾನೇಜರೂ ನಾನೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು. ಇಬ್ಬರೂ ಒಟ್ಟಿಗೇ ದಡ್ಡರಾದೆವು.

"ಓದಿ ಹೇಳಿ ಸಾರ್" ಅಂದೆ ನೀನು. ಓದಿದರು: "ನನ್ನ ಅಜಾಗರೂಕತೆಯಿಂದಲೇ ಅಪಘಾತವಾಯಿತು, ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ."

"ಸುಳ್ಳು" ಅಂದೆ ನೀನು. "ಕೈ ಒಳಗೆ ಹೋಗ್ದೇ ಇರ್ಲಿ ಅಂತ ರೋಲರ್ ಮುಂದೆ ಒಂದು ಕಂಬಿ ಇತ್ತು. ಕೆಲ್ಸ ನಿಧಾನ ಆಗುತ್ತೆ ಅಂತ ಹೋದ ತಿಂಗ್ಳು ನೀವೇ ನಿಂತು ಬಿಚ್ಚಿಸಿದ್ರಿ. ದೇವ್ರ ಚಿತ್ತ ಅಂತೀರಲ್ಲ, ದೇವ್ರೇನು ಸ್ಪ್ಯಾನರ್ ಹಿಡ್ಕೊಂಡು ಬಂದಿದ್ನಾ?"

"ಮತ್ತೆ ಈಗ ಸ್ತೋತ್ರ ಅಂದ್ರಲ್ಲಮ್ಮ?"

"ಅದು ಆತನಿಗೆ ಸಾರ್. ನಿಮಗಲ್ಲ."

ಅವರು ಹೋದರು, ಹಣ್ಣಿನ ಚೀಲವನ್ನು ಮರೆಯದೆ ಎತ್ತಿಕೊಂಡು.

ಆಮೇಲೆ ನೀನು "ಕೆಲ್ಸ ಹೋಯ್ತು ಕಣೇ. ಭಯ ಆಗ್ತಿದೆ" ಎಂದು ಅತ್ತೆ. ಅಳುತ್ತಲೇ, ಪಾತ್ರೆ ತೊಳೆಯುವಾಗ ನೀನು ಗುನುಗುವ ಸ್ತುತಿಗೀತೆಯನ್ನು ಎತ್ತಿಕೊಂಡೆ. ಚಪ್ಪಾಳೆ ತಟ್ಟುವ ಜಾಗ ಬಂತು. ನಿನ್ನ ಎಡಗೈ ಮೇಲೆದ್ದು, ಜೊತೆ ಸಿಗದೆ ಗಾಳಿಯಲ್ಲೇ ನಿಂತಿತು. ಸೊಂಟ ಮುರಿದುಕೊಂಡು ಪಕ್ಕದ ಮಂಚದಲ್ಲಿದ್ದ ಅಜ್ಜಿ, ಯಾವ ದೇವರಿಗೂ ಕೈ ಮುಗಿಯದಾಕೆ, "ಒಂದು ಕೈಲಿ ಚಪ್ಪಾಳೆ ಆಗಲ್ಲ ತಾಯಿ. ನನ್ನತ್ರ ಎರಡಿವೆ, ಒಂದು ತಗೋ" ಎಂದು ಅಂಗೈ ಚಾಚಿದಳು. ಎರಡು ಮಂಚಗಳ ನಡುವಿನ ಸಂದಿಯಲ್ಲಿ ಇಬ್ಬರ ಕೈಗಳು ತಟ್ಟತೊಡಗಿದವು. ಮೊದಮೊದಲು ತಾಳ ತಪ್ಪಿತು, ಅಜ್ಜಿ ತಾನೇ ನಕ್ಕಳು, ಆಮೇಲೆ ಕೂಡಿತು.

ನನ್ನ ಮೈ ಜುಮ್ಮೆಂದಿತು, ದೊಡ್ಡಮ್ಮ. ಸ್ತೋತ್ರವೆನ್ನುವುದು ಬಡವರ ಬಾಯಿಗೆ ತುರುಕಿದ ಬಟ್ಟೆ ಎಂದು ಓದಿದ್ದೆ, ನಾಲ್ಕು ಜನರಿಗೆ ಓದಿಯೂ ಹೇಳಿದ್ದೆ. ಆ ಮಧ್ಯಾಹ್ನ ನನ್ನ ಕಣ್ಣೆದುರಿನ ಬಾಯಿ ಬೇರೆಯೇ ಆಗಿತ್ತು. ಹೆದರಿದ್ದ ಹೆಂಗಸೂ ನೀನೇ, ಹಾಡುತ್ತಿದ್ದವಳೂ ನೀನೇ. ಆ ಹಾಡು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದರೆ ನನಗೆ ತಳವೇ ಕಾಣಲಿಲ್ಲ. ಆಮೇಲೆ ಕೇಳಿದಾಗ ನೀನು ಹೇಳಿದ್ದು ಇಷ್ಟೇ: "ಬೆರಳು ಹೋಗಿದ್ದಕ್ಕೆ ಸ್ತೋತ್ರ ಅಲ್ಲ ಕಣೇ. ಬೆರಳು ಹೋದಾಗ್ಲೂ ಆತ ನನ್ನ ಕೈ ಬಿಡ್ಲಿಲ್ವಲ್ಲ, ಅದಕ್ಕೆ." ನನಗಿನ್ನೂ ಹಾಗೆ ಹೇಳಲು ಬರುವುದಿಲ್ಲ. ಆದರೆ ಅದನ್ನು ಹೇಡಿತನವೆಂದು ಇನ್ನು ಯಾರಾದರೂ ಅಂದರೆ, ನನ್ನ ಹತ್ತಿರ ಜಗಳಕ್ಕೆ ಬರಬೇಕು.

ಈಗ ಕೆಲಸದ ಮಾತು. ಕಾರ್ಖಾನೆ ಇನ್ಸ್‌ಪೆಕ್ಟರ್ ಬರುವ ಗುರುವಾರ ವಿಚಾರಣೆಗೆ ಕರೆದಿದ್ದಾರೆ. ಕಂಬಿ ಇತ್ತೆಂದು ನೀನು, ಇರಲೇ ಇಲ್ಲವೆಂದು ಆ ಮ್ಯಾನೇಜರ್. ಅದನ್ನು ಬಿಚ್ಚಿದ ಫಿಟ್ಟರ್‌ನನ್ನು ನಿನ್ನೆ ಕಂಡೆ. ಭಾಷಣ ಬಿಗಿಯಬೇಕೆಂದು ಹೋದವಳು ಬಿಗಿಯಲಿಲ್ಲ. "ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದಾರಾ?" ಎಂದು ಕೇಳಿದ. "ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದ್ದಾರೆ" ಅಂದೆ. ಕೈಯ ಎಣ್ಣೆ ಒರೆಸಿಕೊಂಡು, ಸಾಕ್ಷಿ ಹೇಳಲು ಬರುತ್ತೇನೆ ಅಂದ. ಬಂದರೆ ಬಂದ, ಬಾರದಿದ್ದರೂ ನಾವಿಬ್ಬರೂ ಹೋಗೋಣ. ಒಳಗೆ ಹೆಜ್ಜೆ ಇಡುವ ಮುಂಚೆ ನೀನು ಆತನನ್ನು ಸ್ತುತಿಸು. ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ. ಆಮೆನ್ ತಾನಾಗಿ ಬಂದರೆ ತಡೆಯುವುದಿಲ್ಲ.

ಹಿರಿಯರನ್ನು ಹರಸುವ ವಯಸ್ಸು ನನ್ನದಲ್ಲ. ಆದರೂ, ನೀನು ನಂಬಿದಾತ ಈ ರಾತ್ರಿ ನಿನ್ನ ನೋವಿಳಿಸಿ ನಿದ್ದೆ ಕೊಡಲಿ.

ನಿನ್ನ ತಂಗಿಯ ಮಗಳು

ಆಸ್ಪತ್ರೆಯ ಮುಂಬಾಗಿಲಿಗೇ ಗಾಡಿ ತರುತ್ತೇನೆ. ಗುರುವಾರ, ಬೆಳಿಗ್ಗೆ ಒಂಬತ್ತೂವರೆ.