ಹಿತ್ತಾಳೆ ರಿಂಗ್

11-7-1977, ಸೋಮವಾರ
ಕೆಂಪಕ್ಕನ ಲಾರಿ ಮತ್ತೆ ನನ್ನ ರಿಪೇರಿ ಶೆಡ್ಡಿಗೆ. ಐವತ್ತೆರಡರ ಮಾಡೆಲ್. ಮೂರನೇ ಗೇರ್ ಹಾಕಿದರೆ ಕರಕರ. ಗಂಡ ಬೈಲಪ್ಪ ಕಾಮಾಲೆಯಲ್ಲಿ ಹೋದ ಮೇಲೆ ಆಕೆಯೇ ಓಡಿಸುತ್ತಾರೆ — ಕೋಣನಕುಂಟೆಯಿಂದ ಜಯನಗರಕ್ಕೆ ಇಟ್ಟಿಗೆ. ಕ್ಲಚ್ ಅಡ್ಜಸ್ಟ್ ಮಾಡಿದೆ. ಗೇರ್ ಆಯಿಲ್ ಬದಲಿಸಿದೆ. ಅದೇ ಸದ್ದು.

ಆಕೆಯ ಮೈದುನ ಪಿಳ್ಳಣ್ಣನೂ ಬಂದಿದ್ದ. "ಹೆಂಗಸ್ರ ಕೈಗೆ ಲಾರಿ ಕೊಟ್ರೆ ಇನ್ನೇನಾಗುತ್ತೆ? ಹೇಳು ಹನುಮಯ್ಯ, ಡ್ರೈವಿಂಗ್ ತಪ್ಪು ತಾನೆ?"

"ಇರಬಹುದು" ಎಂದೆ. ಯಾಕೆ ಅಂದೆನೋ. ಕೆಂಪಕ್ಕ ಕೇಳಿಸಿಕೊಂಡರು.

12-7
ಬೆಳಿಗ್ಗೆ ಕೆಂಪಕ್ಕನ ಪಕ್ಕ ಕುಳಿತು ಪುಟ್ಟೇನಹಳ್ಳಿ ಕೆರೆಯವರೆಗೆ ಟ್ರಯಲ್. ಕ್ಲಚ್ ತುಳಿದು ಗೇರ್ ಹಾಕಿದರು — ಕರಕರ. ಆಮೇಲೆ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಮತ್ತೆ ತುಳಿದು ಹಾಕಿದರು — ಬೆಣ್ಣೆಯ ಹಾಗೆ ಕೂತಿತು.

"ನೋಡಿದ್ರಾ ಹನುಮಣ್ಣ? ಡಬಲ್ ಕ್ಲಚ್. ನಮ್ಮ ಯಜಮಾನ್ರು ಕಲ್ಸಿದ್ದು. ಈಗ ಹೇಳಿ, ನನ್ ಕೈ ತಪ್ಪಾ?"

ಅಲ್ಲ. ಕ್ಲಚ್ಚೂ ಸರಿ, ಕೈಯೂ ಸರಿ. ಗೇರ್ ಕೂರುವ ಮುಂಚೆ ಎರಡು ಕಡೆಯ ವೇಗವನ್ನೂ ಒಂದು ಮಾಡುವ ಹಿತ್ತಾಳೆ ರಿಂಗ್ ಸವೆದಿದೆ. ಗೊತ್ತಾಯಿತು. "ಬಿಚ್ಚಿ ನೋಡ್ತೀನಿ" ಎಂದೆ, ಅಷ್ಟೆ.

13-7, ಮಧ್ಯಾಹ್ನ
ಬಿಚ್ಚಿದೆ. ರಿಂಗಿನ ಒಳಗಿನ ಗೀರುಗಳೆಲ್ಲ ನುಣ್ಣಗೆ. ಎರಡು ವರ್ಷದ ಹಿಂದೆ ಹೊಸದು ಸಿಗದೆ, ಅರ್ಧ ಸವೆದ ಇದನ್ನೇ ತೊಳೆದು ಕೂರಿಸಿ, ಬೈಲಪ್ಪನಿಗೆ "ಹೊಸದು" ಎಂದವನು ನಾನೇ.

ಪಿಳ್ಳಣ್ಣ ಲಾರಿಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲು ಓಡಾಡುತ್ತಿದ್ದಾನಂತೆ. ಮೆಕ್ಯಾನಿಕ್ಕೇ ಹೇಳಿದ, ಆಕೆಗೆ ಓಡಿಸಲು ಬರುವುದಿಲ್ಲ ಅಂತ — ಊರೆಲ್ಲ ಹೇಳುತ್ತಿದ್ದಾನೆ...

16-7
ಮೂರು ದಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಅಲೆದೆ. ರಿಂಗ್ ಸಿಕ್ಕಿತು. ಕೆಂಪಕ್ಕ, ಪಿಳ್ಳಣ್ಣ ಇಬ್ಬರನ್ನೂ ಕರೆಸಿ ಹಳೆಯದನ್ನು ಮುಂದಿಟ್ಟೆ.

"ತಪ್ಪು ಅಕ್ಕಂದಲ್ಲ. ನಂದು."

ನಡೆದದ್ದೆಲ್ಲ ಹೇಳಿದೆ. ಪಿಳ್ಳಣ್ಣ ಉಗುಳಿ ಎದ್ದು ಹೋದ. ಕೆಂಪಕ್ಕ ರಿಂಗನ್ನು ಬೆರಳಲ್ಲಿ ತಿರುಗಿಸುತ್ತಾ ಕುಳಿತರು.

"ಅವ್ರು ಸಾಯೋವರ್ಗೂ ತಮ್ಮ ಕೈನೇ ಬೈಕೊಂಡ್ರು ಹನುಮಣ್ಣ. 'ನಂಗೆ ವಯಸ್ಸಾಯ್ತು ಕಣೇ, ಗೇರ್ ಬೀಳ್ತಿಲ್ಲ' ಅಂತ."

ರಿಂಗನ್ನು ನನ್ನ ಮುಂದಿಟ್ಟು ಎದ್ದರು.

"ಹೊಸದು ಹಾಕಿ. ಈ ಸಲ ನಾನು ಪಕ್ಕದಲ್ಲೇ ನಿಂತು ನೋಡ್ತೀನಿ."

17-7, ಭಾನುವಾರ
ಬೇಗೂರು ಕಡೆಯ ಏರಿನಲ್ಲಿ ಟ್ರಯಲ್. ಮೂರನೇ ಗೇರ್. ಸದ್ದಿಲ್ಲ. ಕ್ಷಮಿಸಿ ಅನ್ನಲು ಬಾಯಿ ತೆರೆದೆ.

"ಸುಮ್ನೆ ಕೂತ್ಕೊಳಿ. ಯಜಮಾನ್ರು ಕೇಳ್ಬೇಕಿತ್ತು ಈ ಮಾತ್ನ."

ಆಕೆಯ ಕಣ್ಣು ರಸ್ತೆಯ ಮೇಲೇ ಇತ್ತು. ನಾನು ಗೇರ್ ಮೇಲಿದ್ದ ಆಕೆಯ ಕೈ ನೋಡುತ್ತಾ ಕುಳಿತೆ.