ಒಬ್ಬೊಬ್ಬರೇ ಹತ್ತಿದ ಗುಡ್ಡ

ಕೊಟ್ಟೂರು
20 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ಅರ್ಚನಾ,

ನಿನ್ನ ಸೋದರತ್ತೆ ಅನ್ನದಾನಮ್ಮನ ಆಶೀರ್ವಾದ. ನೀನು ಫೋನ್ ಮಾಡಿ ವಾರದ ಮೇಲಾಯಿತು. ತಿರುಗಿ ಮಾತಾಡಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಹೊಸಹಳ್ಳಿ ದಾಟಿದರೆ ನಿನ್ನ ಫೋನು ಸಿಗುವುದಿಲ್ಲ, ಸಿಕ್ಕರೂ "ಆಮ್ಯಾಲ ಮಾಡ್ತೀನಿ ಅತ್ತಿ" ಎಂದು ಇಟ್ಟುಬಿಡುತ್ತೀ. ಪತ್ರವಾದರೆ ನಡುವೆ ಮಾತು ತಿರುಗಿಸಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ಮೊನ್ನೆ ಹರಪನಹಳ್ಳಿಯಿಂದ ಬಂದಿದ್ದ. ತನ್ನ ಝೆರಾಕ್ಸ್ ಅಂಗಡಿಗೆ ಬಂದವರಿಗೆಲ್ಲ ಮಗಳ ನೌಕರಿ ಹತ್ತಿರ ಬಂತು ಎಂದು ಹೇಳುತ್ತಿದ್ದಾನಂತೆ. ನಾನು ಕಾಲೇಜಿನ ಲೈಬ್ರರಿಯಿಂದ ನಿವೃತ್ತಳಾದರೂ ಬೆಳಗ್ಗೆ ಎರಡು ಪೇಪರು ಓದುವುದು ಬಿಟ್ಟಿಲ್ಲ. ಮೊದಲು ಸಂಪಾದಕೀಯದಿಂದ ಶುರು ಮಾಡುತ್ತಿದ್ದೆ. ಕರಡಿಗಳ ಲೆಕ್ಕ ಇಡುವ ಸಂಸ್ಥೆ ಸೇರಿ ನೀನು ಆ ಗುಡ್ಡಕ್ಕೆ ಹೋದಾಗಿನಿಂದ ಜಿಲ್ಲೆಯ ಪುಟ ಮೊದಲು ತೆಗೆಯುತ್ತೇನೆ. ಕರಡಿ ಎಂಬ ಪದ ಕಾಣದಿದ್ದರೆ ಮಾತ್ರ ಚಹಾ ಗಂಟಲಲ್ಲಿ ಇಳಿಯುತ್ತದೆ.

ಹುಲುಗೇಶ ಬಿದ್ದು ಕಾಲು ಉಳುಕಿಸಿಕೊಂಡ ಎಂದು ನೀನು ಹೇಳಿದ್ದೆ. ನಿನ್ನ ಜೊತೆಯ ಸ್ವಯಂಸೇವಕ, ಕೂಡ್ಲಿಗಿ ಕಡೆಯ ಹುಡುಗ. ಗಣೇಶನ ಹಬ್ಬಕ್ಕೆ ನಮ್ಮ ಮನೆಗೆ ಬಂದವನು "ಇನ್ನೊಂದು ಹೋಳಿಗಿ ಹಾಕ್ರಿ ಅಮ್ಮಾರ, ಸಂಸ್ಥ್ಯಾಗ ಬರೀ ಉಪದೇಶ ಬಡಸ್ತಾರ" ಎಂದು ನಗಿಸಿದ್ದ. ಗುರುವಾರ ಬ್ಯಾಂಕಿನ ಕೆಲಸಕ್ಕೆ ಕೂಡ್ಲಿಗಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅವನ ತಾಯಿ ಭರಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. "ಮಗನ ಕಾಲು ಹೆಂಗೈತಿ ಭರಮವ್ವ?" ಎಂದೆ.

"ಕಾಲು ಗಟ್ಟೇ ಅದಾವರಿ. ಮುಖಾನ ಉಳದಿಲ್ಲ" ಎಂದಳು.

ಅವಳ ಜೊತೆಗೇ ಬಳ್ಳಾರಿ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಕರಡಿ ಪರಚಿದ ಅವನ ಮುಖಕ್ಕೆ ಹುಬ್ಬಿನಿಂದ ದವಡೆಯವರೆಗೆ ಬ್ಯಾಂಡೇಜು. ಎಡಗಣ್ಣು ಹೋಗಿದೆ. ಬಲಗಣ್ಣು ಉಳಿಯುತ್ತದೋ ಇಲ್ಲವೋ ಆಪರೇಶನ್ ಆದ ಮೇಲೆ ಹೇಳುತ್ತೇವೆ ಎಂದಿದ್ದಾರೆ. ದನಿಯಿಂದಲೇ ನನ್ನ ಗುರುತು ಹಿಡಿದು ಎದ್ದು ಕೂರಲು ನೋಡಿದ. ನೋವಿನ ಮಾತು ಆಡಲಿಲ್ಲ. "ಅಮ್ಮಾರ, ಆರು ತಿಂಗಳು ತುಂಬಾಕ ಸ್ವಲ್ಪ ಇತ್ತು. ಸರ್ಟಿಫಿಕೇಟು ಕೊಡ್ತಾರಂತೀರೇನು?" ಎಂದು ಕೇಳಿದ. ನೀರು ಕುಡಿಸಿದೆ.

ನಿಮ್ಮ ಕೆಲಸದ ರೀತಿಯನ್ನು ಅವನೇ ಬಿಡಿಸಿ ಹೇಳಿದ. ಕರಡಿಯ ಚಿತ್ರ ಹಿಡಿಯಲು ಗುಡ್ಡದ ಬಂಡೆಗಳ ನಡುವೆ ಕಟ್ಟಿದ ಕ್ಯಾಮೆರಾಗಳ ಕಾರ್ಡು ಬದಲಿಸಲು ಇಬ್ಬಿಬ್ಬರು ಹೋಗಬೇಕು, ಅದು ನಿಯಮ. ಆದರೆ ಐದು ಮಂದಿ ಸ್ವಯಂಸೇವಕರಿಗೆ ಸಂಬಳದ ಕೆಲಸ ಇರುವುದು ಒಂದೇ, ಯಾರ ಸುತ್ತು ಹೆಚ್ಚೋ ಅವರಿಗೆ. ಅದಕ್ಕೇ ನೀವಿಬ್ಬರೂ ಗುಡ್ಡದ ಬುಡದವರೆಗೆ ಜೋಡಿಯಾಗಿ ಹೋಗಿ, ಅಲ್ಲಿಂದ ಒಬ್ಬರು ಮೂಡಲಕ್ಕೆ, ಒಬ್ಬರು ಪಡುವಲಕ್ಕೆ ಹತ್ತುತ್ತಿದ್ದಿರಿ. ಒಂದು ಸುತ್ತಿನ ಹೊತ್ತಿನಲ್ಲಿ ಎರಡು ಸುತ್ತು, ಎರಡಕ್ಕೂ ಇಬ್ಬರ ಹೆಸರು.

ಬಂಡೆಯ ಸಂದಿನಲ್ಲಿ ನಮ್ಮ ಕಡೆಯವರು ಯಾರೂ ಸುಮ್ಮನೆ ನಡೆಯುವುದಿಲ್ಲ. ಕೆಮ್ಮುತ್ತಾರೆ, ಕೋಲು ಕುಟ್ಟುತ್ತಾರೆ, ಇಲ್ಲದ ದನವನ್ನು ಬೈಯುತ್ತಾರೆ. ಮರಿ ಕಟ್ಟಿಕೊಂಡು ಮಲಗಿದ ಕರಡಿಗೆ ಮನುಷ್ಯ ಬರುತ್ತಿದ್ದಾನೆಂದು ಮೊದಲೇ ತಿಳಿಯಬೇಕು. ನಿನಗೂ ಇದು ಚಿಕ್ಕಂದಿನಿಂದ ಗೊತ್ತು. ಇಬ್ಬರಿದ್ದರೆ ಮಾತೇ ಕಾವಲು. ಒಬ್ಬರೇ ಹೋದರೆ ಎಷ್ಟು ಹೊತ್ತು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಾರೆ? ಹುಲುಗೇಶ ಅವತ್ತು ಕಾರ್ಡು ತೆಗೆಯಲು ಬಗ್ಗಿದ್ದನಂತೆ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು. ಸದ್ದು ಎಲ್ಲಿಂದ ಬರಬೇಕು?

ನಾನು ಆಸ್ಪತ್ರೆಯ ವರಾಂಡಕ್ಕೆ ಬಂದು ನಿಮ್ಮ ಸಂಯೋಜಕ ಗವಿಸಿದ್ದೇಶನಿಗೆ ಫೋನ್ ಮಾಡಿದೆ.

"ಅವರು ವಾಲಂಟಿಯರ್ ಅದಾರ್ರಿ ಮೇಡಂ. ನಾವು ಯಾರಿಗೂ ಬಲವಂತ ಮಾಡಿಲ್ಲ. ನಿಯಮ ಗ್ವಾಡಿ ಮ್ಯಾಲ ಹಚ್ಚೀವಿ."

"ಐದು ಮಂದಿ ಮುಂದ ಒಂದು ನೌಕರಿ ತೂಗ ಹಾಕೀರಲ್ಲ, ಅದಕ್ಕೇನಂತೀರಿ?"

"ಪ್ರೋತ್ಸಾಹ ಅಂತೀವ್ರಿ."

ಎಷ್ಟು ಸಮಾಧಾನವಾಗಿ ಹೇಳಿದ ಎಂದರೆ, ಅವನಿಗೂ ಇದನ್ನು ಯಾರೋ ಹೀಗೇ ಹೇಳಿಕೊಟ್ಟಿರಬೇಕು.

ಈ ಮಾತು ನನಗೆ ಹಳೆಯದು, ಅರ್ಚನಾ. ಆಗ ಇದಕ್ಕೆ ಸೇವಾ ಮನೋಭಾವ ಎನ್ನುತ್ತಿದ್ದರು. ಅನುದಾನ ಇಲ್ಲದ ಹೈಸ್ಕೂಲಿನಲ್ಲಿ ನಿಮ್ಮಪ್ಪ ವರ್ಷಗಟ್ಟಲೆ ಸಂಬಳವಿಲ್ಲದೆ ಗಣಿತ ಕಲಿಸಿದ. ಇವತ್ತಲ್ಲ ನಾಳೆ ಅನುದಾನ ಬರುತ್ತದೆ, ಮೊದಲು ನಿನ್ನ ಹೆಸರೇ ಎಂದಿದ್ದರು. ಗಣತಿಗೂ ಅವನೇ, ಸಾಕ್ಷರತೆಯ ಜಾಥಾಕ್ಕೂ ಅವನೇ, ಆಡಳಿತ ಮಂಡಳಿಯವರ ಮನೆಯ ಮದುವೆಯಲ್ಲಿ ಬಡಿಸುವುದಕ್ಕೂ ಅವನೇ. ಅನುದಾನ ಬಂತು, ಜಾಗ ಅವರ ಅಳಿಯನಿಗೆ ಹೋಯಿತು. ಅವನು ಅದನ್ನು ನಗೆಯ ಕಥೆ ಮಾಡಿ ನಿನಗೆ ಹೇಳಿರುತ್ತಾನೆ. ಆ ದಿನ ಮನೆಗೆ ಬಂದು ಸೀಮೆಸುಣ್ಣದ ಕೈಯನ್ನು ತೊಳೆಯದೆ ಸಂಜೆಯವರೆಗೂ ಅಂಗಳದಲ್ಲಿ ಕೂತದ್ದನ್ನು ನಾನು ನೋಡಿದ್ದೇನೆ.

ಅನುಭವ ಬೇಡವೆಂದು ನಾನು ಹೇಳುವುದಿಲ್ಲ. ಎಂ.ಎಸ್ಸಿ. ಓದಿದ ಎಲ್ಲ ಮಕ್ಕಳೂ ಅರ್ಜಿ ಹಾಕುವ ಕಾಲದಲ್ಲಿ ಏನಾದರೂ ಹೆಚ್ಚಿನದು ಕೈಯಲ್ಲಿರಬೇಕು, ಒಪ್ಪುತ್ತೇನೆ. ನೀನು ಕರಡಿಯ ಹೆಜ್ಜೆ ನೋಡಿ ಗಂಡೋ ಹೆಣ್ಣೋ ಹೇಳುವುದನ್ನು ಕಲಿತಾಗ ನನಗೂ ಹೆಮ್ಮೆಯಾಗಿತ್ತು. ಆದರೆ ಅನುಭವ ಬೇಕೆಂದವನು ಜೀವಕ್ಕೆ ಹೊಣೆ ಹೊರಬೇಕಲ್ಲ. ಹೊರದಿದ್ದರೆ ಅದು ಎಂಥ ಸೇವೆ, ಯಾರ ಸೇವೆ?

ಹುಲುಗೇಶ ಆಸ್ಪತ್ರೆ ಸೇರಿದ ಮೇಲೆ ಹೊಸ ಜೋಡಿ ಕೊಟ್ಟಿಲ್ಲ, ನೀನೊಬ್ಬಳೇ ಎರಡೂ ಕಡೆ ಹತ್ತುತ್ತಿದ್ದೀ ಎಂದು ಭರಮಮ್ಮ ಹೇಳಿದಳು. ಊಟಕ್ಕೆ ಕೂತರೆ ಆ ಸಂದು ಕಣ್ಣಿಗೆ ಬರುತ್ತದೆ. ನೋಡದ ಜಾಗ, ಆದರೂ ಕಾಣುತ್ತದೆ. ಬೀದಿಯಲ್ಲಿ ಯಾರಾದರೂ ಓಡಿದರೆ ನನ್ನ ಮನೆಗೇ ಸುದ್ದಿ ತರುತ್ತಿದ್ದಾರೆ ಅನ್ನಿಸುತ್ತದೆ. ನೆರೆಮನೆಯ ಜಂಬಕ್ಕ "ಟೀಚರ್ ಕೆಲಸಕ್ಕ ಹಾಕಬಾರದಿತ್ತೇನವ್ವ, ಕರಡಿ ಕಾಯಾಕ ಕಳಿಸಿದ್ರಿ" ಎಂದು ಚುಚ್ಚಿದಳು. ಟೀಚರ್ ಕೆಲಸದ ಕಥೆ ಅವಳಿಗೆ ಗೊತ್ತಿಲ್ಲ.

ಈ ಪತ್ರ ತರುವ ಯರ್ರಿಸ್ವಾಮಿ ನಮ್ಮ ಓಣಿಯವನೇ, ಹೊಸಹಳ್ಳಿ ಕಡೆ ಟಂಟಂ ಓಡಿಸುತ್ತಾನೆ. ನೀನು ಓದಿ ಮುಗಿಸುವವರೆಗೆ ನಿಂತಿರು ಎಂದು ಹೇಳಿದ್ದೇನೆ. ಬಟ್ಟೆ ತುಂಬಿಕೊಂಡು ಬಾ. ನಿಮ್ಮಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ. ಬರುವ ತನಕ ಗುಡ್ಡದ ಕಡೆ ಕಾಲಿಡಬೇಡ, ನನ್ನ ಮೇಲೆ ಆಣೆ.

ನಿನ್ನ ಮೈಗೆ ಒಂದು ಗೀರೂ ಬೀಳದಿರಲಿ. ಕೊಟ್ಟೂರೇಶ ನಿನ್ನ ಬೆನ್ನಿಗಿರಲಿ.

ನಿನ್ನ ಅತ್ತೆ,
ಅನ್ನದಾನಮ್ಮ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಗವಿಸಿದ್ದೇಶ ಫೋನಿನಲ್ಲಿ ಇನ್ನೊಂದು ಮಾತು ಹೇಳಿದ. "ಹುಲುಗೇಶ ಅವತ್ತು ನಮ್ಮ ಕೆಲಸದ ಮ್ಯಾಲ ಇರಲಿಲ್ರಿ. ಸೀತಾಫಲ ಕೀಳಾಕ ಹೋಗಿದ್ದ, ಹಂಗಂತ ಅವನ ಜೋಡಿನ ಹೇಳ್ಯಾರ. ದವಾಖಾನಿ ಖರ್ಚು ನಮಗ ಬರಂಗಿಲ್ಲ." ಅವನ ಜೋಡಿ ನೀನು.

ಒಳಗೆ ಹೋಗಿ ಹುಲುಗೇಶನನ್ನು ಕೇಳಿದೆ. ಗೋಡೆಯ ಕಡೆ ತಿರುಗಿ "ಹೌದ್ರಿ, ಸೀತಾಫಲಕ್ಕ ಹೋಗಿದ್ದೆ" ಎಂದ. ಭರಮಮ್ಮ ತಡೆಯಲಿಲ್ಲ: "ಇವ ಸಣ್ಣಾಗಿಂದ ಸೀತಾಫಲ ಬಾಯಿಗೆ ಹಚ್ಚಂಗಿಲ್ರಿ ಅಮ್ಮಾರ." ಅವನು ಮೆಲ್ಲಗೆ, "ಸುಮ್ನಿರಬೇ. ಜೋಡಿ ಮುರದದ್ದು ಗೊತ್ತಾದ್ರ ಆಕಿ ಸುತ್ತೂ ಹೊಡದು ಹಾಕ್ತಾರ. ಆಕಿಗಾರ ನೌಕರಿ ಆಗಲಿ" ಎಂದ. ನೀನು ಒಂದು ಸಲವೂ ನೋಡಲು ಬಂದಿಲ್ಲವಂತೆ.

ಮಂಗಳವಾರ ಅವನ ಬಲಗಣ್ಣಿನ ಆಪರೇಶನ್. ಯರ್ರಿಸ್ವಾಮಿಯ ಗಾಡಿ ಹತ್ತಿ ಮೊದಲು ಸಂಸ್ಥೆಗೆ ಹೋಗಿ ನಿಜ ಹೇಳಿ, ಆಮೇಲೆ ಬಳ್ಳಾರಿಗೆ ಹೋಗುತ್ತೀಯೋ, ಗಾಡಿಯನ್ನು ಖಾಲಿ ಕಳಿಸುತ್ತೀಯೋ, ನಾನು ಊಹಿಸಲು ಹೋಗುತ್ತಿಲ್ಲ. ಊಹಿಸಲು ಹೆದರಿಕೆಯಾಗುತ್ತದೆ.